ಕೌಂಟರಿನ ಆಚೆ ಬದಿಯಲ್ಲಿ ಆರು ವಾರ

(ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಬಗ್ಗೆ ಮಾತಾಡಿ ಎಂದಾಗ, ಎಂಟೆಕ್ ಓದಿದವಳು ಕಂಪ್ಯೂಟರ್ ವಿಷಯ ಬಿಟ್ಟು ಬೇರೇನು ಹೇಳಿಯಾಳು ಎಂದು ನೀವು ಅಂದುಕೊಂಡಿರಬಹುದು. ನಾನು ಹೇಳಹೊರಟಿರುವುದು ನನ್ನ ನಾದಿನಿಯ ಮಗಳ ಓದಿನ ಬಗ್ಗೆ. ಅವಳು ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಮಾಡಿದಳು. ಡಾಕ್ಟರ್ ಅಲ್ಲ, ಇಂಜಿನಿಯರ್ ಅಲ್ಲ, ಸಿಎ ಕೂಡ ಅಲ್ಲ, ಇದನ್ನು ಓದಿ ಏನಾಗುತ್ತಾಳೆ ಎಂದು ಮನೆಯಲ್ಲಿ ಎಲ್ಲರೂ ಕೇಳಿದವರೇ.

ಈ ಶಾಸ್ತ್ರಕ್ಕೆ ಬುನಾದಿ ಎಂದು ಹೇಳುವುದು ಅಮೆರಿಕದ ವುಡ್ರೋ ವಿಲ್ಸನ್ 1887ರಲ್ಲಿ ಬರೆದ ಒಂದು ಪ್ರಬಂಧವನ್ನು. ಮರುವರ್ಷವೇ, 1888ರಲ್ಲಿ, ನಮ್ಮ ಮುಂಬಯಿಯ ಪಾಲಿಕೆ ಕಾಯಿದೆ ಬಂತು. ಎಷ್ಟೋ ತಿದ್ದುಪಡಿಗಳೊಂದಿಗೆ ಇಂದಿಗೂ ನಗರ ನಡೆಯುತ್ತಿರುವುದು ಅದೇ ಕಾಯಿದೆಯ ಮೇಲೆ. ಅದರ 61ನೇ ಕಲಮಿನಲ್ಲಿ ಪಾಲಿಕೆ ಮಾಡಲೇಬೇಕಾದ ಕೆಲಸಗಳ ಪಟ್ಟಿಯಿದೆ. ಚರಂಡಿಯ ಜೊತೆಗೇ ಸಾರ್ವಜನಿಕ ಶೌಚಾಲಯವೂ ಅದರಲ್ಲಿದೆ. ಹುಡುಗಿ ಇದನ್ನೆಲ್ಲ ಬಾಯಿಪಾಠ ಮಾಡಿದ್ದಳು. ಆಮೇಲೆ ಕಾಲೇಜಿನವರು ಆರು ವಾರಗಳ ಪ್ರಾಯೋಗಿಕ ತರಬೇತಿಗೆ ಒಂದು ವಾರ್ಡ್ ಕಚೇರಿಗೆ ಕಳಿಸಿದರು. ಮುಂಬಯಿ ಸುತ್ತಮುತ್ತ ಪಾಲಿಕೆಗಳು ಹಲವಿವೆ. ಯಾವ ಪಾಲಿಕೆ, ಯಾವ ವಾರ್ಡ್ ಎಂಬುದು ಬೇಡ.

ವಾರ್ಡ್ ಕಚೇರಿ ನಮ್ಮವರಿಗೆ ಹೊಸದಲ್ಲ. ಊರಿನಿಂದ ಬಂದು ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಸ್ವಂತ ಹೊಟೇಲು ತೆರೆದ ಹಿರಿಯರು ಗುಮಾಸ್ತಾ ಲೈಸೆನ್ಸಿಗೆ, ಹೆಲ್ತ್ ಲೈಸೆನ್ಸಿಗೆ ಎಷ್ಟು ಸಲ ಅಲ್ಲಿ ನಿಂತಿಲ್ಲ! ಆದರೆ ಅವರೆಲ್ಲ ನಿಂತದ್ದು ಕೌಂಟರಿನ ಈಚೆ. ಇವಳಿಗೆ ಆಚೆ ಬದಿಯಲ್ಲಿ ಒಂದು ಸ್ಟೂಲು ಸಿಕ್ಕಿತು.

ಮೊದಲ ವಾರ ಆವಕ-ಜಾವಕ ಪುಸ್ತಕ ಬರೆಯುವ ಕೆಲಸ. ಬಂದ ಪತ್ರಕ್ಕೆ ನಂಬರು, ಹೋದ ಪತ್ರಕ್ಕೆ ನಂಬರು. "ಮಾಮೀ, ಇದಕ್ಕೆ ಡಿಗ್ರಿ ಯಾಕೆ ಬೇಕು?" ಎಂದು ಫೋನಿನಲ್ಲಿ ಗೊಣಗಿದಳು. ಸರಕಾರಿ ಮರಾಠಿಯೂ ಅವಳಿಗೆ ತೊಡಕಾಯಿತು. ಆಗ ನೆರವಿಗೆ ಬಂದವರು ಕುಂದಾಪುರದಲ್ಲಿರುವ ಅಜ್ಜ, ತಾಲೂಕು ಕಚೇರಿಯಿಂದ ನಿವೃತ್ತರಾದವರು. ಸದರಿ, ಜಾವಕ, ತಗಾದೆ, ತಹಶೀಲ್ದಾರ ಇವೆಲ್ಲ ಅವರ ಕಚೇರಿಯ ಕನ್ನಡದಲ್ಲೂ ಇದ್ದ ಪದಗಳೇ ಅಲ್ಲವೇ? ಅಜ್ಜ ಮೊಮ್ಮಗಳು ಅಷ್ಟು ಹೊತ್ತು ಮಾತಾಡಿದ್ದನ್ನು ನಾವು ಅದುವರೆಗೆ ಕಂಡಿರಲಿಲ್ಲ.

ಮೂರನೇ ವಾರ ದೂರುಗಳ ಪಟ್ಟಿ ಕೈಗೆ ಬಂತು. ಒಂದು ಚಾಳಿನ ಹಿಂದಿನ ಸಾರ್ವಜನಿಕ ಶೌಚಾಲಯ ಹೆಂಗಸರಿಗೆ ರಾತ್ರಿ ಸಿಗುವುದಿಲ್ಲ ಎಂದು ಒಬ್ಬರು ದೂರು ಕೊಟ್ಟಿದ್ದರು. ಅದರೆದುರು "ನಿವಾರಿಸಲಾಗಿದೆ" ಎಂದು ಬರೆದಿತ್ತು. ಅದು ಸುಳ್ಳೂ ಅಲ್ಲ. ಕಂಪ್ಯೂಟರಿನ ಪಟ್ಟಿಯಲ್ಲಿ ಇಂಥ ದೂರಿಗೆ "ದುರಸ್ತಿ" ಎಂಬ ವರ್ಗ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಇಂಜಿನಿಯರ್ ಹೋಗಿ ನೋಡಿದರು, ಮುರಿದ ಚಿಲಕ ಹಾಕಿಸಿದರು, ಲೈಟು ಹಾಕಿಸಿದರು, ದೂರು ಮುಗಿಯಿತು. ನಮ್ಮ ಐಟಿ ಕಚೇರಿಗಳಲ್ಲಿ ಇದನ್ನೇ ಟಿಕೆಟ್ ಕ್ಲೋಸ್ ಎನ್ನುತ್ತಾರೆ. ಪರದೆಯ ಮೇಲೆ ಹಸಿರು ಬಣ್ಣ ಬಂದರೆ ಆಯಿತು.

ಇವಳು ಆರೋಗ್ಯ ಸೇವಿಕೆಯೊಬ್ಬರ ಜೊತೆ ರಾತ್ರಿ ಅಲ್ಲಿಗೆ ಹೋದಳು. ಮಳೆಗಾಲ, ಅವಳ ಅಮ್ಮನಿಗೆ ಹತ್ತು ಸಲ ಫೋನು. ಹತ್ತು ಗಂಟೆಗೆ ಸರಿಯಾಗಿ ಕಾವಲಿನವನು ಹೆಂಗಸರ ಕಡೆಯ ಬಾಗಿಲಿಗೆ ಬೀಗ ಹಾಕಿದ. ಹೊಸ ಚಿಲಕದ ಮೇಲೆಯೇ ಬೀಗ! ಕೇಳಿದರೆ, ಗುತ್ತಿಗೆಯಲ್ಲಿ ತನ್ನ ಪಾಳಿ ಹತ್ತರವರೆಗೆ ಮಾತ್ರ ಎಂದ. ಆ ಚಾಳಿನ ಹೆಂಗಸರು ಸಂಜೆ ಆರರ ಮೇಲೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಮಧುಮೇಹವಿದ್ದ ಒಬ್ಬ ಅಜ್ಜಿ ಮಗನನ್ನು ಎಬ್ಬಿಸಿಕೊಂಡು ರಸ್ತೆಯಾಚೆ ಹೋಗುತ್ತಿದ್ದರು. ಯಾವ ಪಠ್ಯಪುಸ್ತಕದಲ್ಲಿ ಬರುತ್ತದೆ ಇದು?

ಇದೇ ಊರಿನಲ್ಲಿ 2011ರಲ್ಲಿ ಹಲವು ಸಂಘಟನೆಗಳು ಸೇರಿ "ರೈಟ್ ಟು ಪೀ" ಎಂಬ ಅಭಿಯಾನ ಆರಂಭಿಸಿದ್ದು ನಿಮಗೆ ನೆನಪಿರಬಹುದು. ಮೂತ್ರ ವಿಸರ್ಜನೆಗೆ ಗಂಡಸರಿಗೆ ಪುಕ್ಕಟೆ, ಹೆಂಗಸರಿಗೆ ದುಡ್ಡು ಏಕೆ ಎಂಬ ಪ್ರಶ್ನೆ ಎದ್ದದ್ದು ಆಗ. ಕೋರೋ ಸಂಸ್ಥೆಯ ಮುಮ್ತಾಜ್ ಶೇಖ್ ಅದರ ಮುಂದಾಳುಗಳಲ್ಲೊಬ್ಬರು. ಅವರೆಲ್ಲ ಮೊದಲು ಮಾಡಿದ ಕೆಲಸವೂ ಶೌಚಾಲಯಗಳಿಗೆ ಹೋಗಿ ನೋಡಿ ಬರೆದುಕೊಂಡದ್ದೇ.

ನಮ್ಮ ಹುಡುಗಿ ಮರುದಿನ ಸಿಟ್ಟಿನಲ್ಲಿ ಎರಡು ಪುಟ ಬರೆದಳು. ಕಚೇರಿಯ ಹಿರಿಯ ಗುಮಾಸ್ತೆ ಓದಿ ನಕ್ಕರಂತೆ. "ಮಗೂ, ಮಹಿಳೆಯರಿಗೆ ಅನ್ಯಾಯ ಅಂತ ಬರೆದರೆ ಸಾಹೇಬರು ಹೌದು ಅಂತಾರೆ, ಫೈಲು ಅಲ್ಲೇ ಮಲಗುತ್ತೆ. ಗುತ್ತಿಗೆಯ ಯಾವ ಷರತ್ತು ಬದಲಾಗಬೇಕು, ಎಷ್ಟು ಗಂಟೆ ಹೆಚ್ಚಬೇಕು, ಹಣ ಯಾವ ಬಾಬ್ತಿನಿಂದ, ಸಹಿ ಯಾರದ್ದು, ಅದನ್ನು ಬರೆ." ಮೂರು ದಿನ ಕೂತು ಗುತ್ತಿಗೆಯ ಪ್ರತಿ ಹುಡುಕಿಸಿ, ಒಂದೂವರೆ ಪುಟದ ಟಿಪ್ಪಣಿ ಮಾಡಿಸಿದರು. ಇಡೀ ಪದವಿಯಲ್ಲಿ ಅವಳಿಗೆ ಸಿಕ್ಕ ದೊಡ್ಡ ಪಾಠ ಅದೇ ಎಂದು ನಾನು ತಿಳಿದಿದ್ದೇನೆ. ಕಾಲೇಜಿನಲ್ಲಿ ಮಾತ್ರ ಆರು ವಾರಕ್ಕೆ ಸಿಕ್ಕ ಅಂಕ ಒಂದು ಥಿಯರಿ ಪೇಪರಿಗಿಂತ ಕಡಿಮೆ. ಅದೂ ವರದಿಯ ಬೈಂಡಿಂಗ್ ಚೆನ್ನಾಗಿರಬೇಕಂತೆ!

ಇದು ಹೆಂಗಸರ ಸಭೆಯಲ್ಲಿ ಏಕೆ ಎಂದರೆ, ಕುರ್ಚಿ ನಮಗೆ ಸಿಕ್ಕಿ ಬಹಳ ಕಾಲವಾಯಿತು. ಕರ್ನಾಟಕದಲ್ಲಿ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗಲೇ, 1983ರ ಕಾಯಿದೆಯಲ್ಲಿ ಪಂಚಾಯತಿಗಳಲ್ಲಿ ಹೆಂಗಸರಿಗೆ ನೂರಕ್ಕೆ 25ರಷ್ಟು ಸ್ಥಾನ ಕೊಟ್ಟರು. ಮಹಾರಾಷ್ಟ್ರದಲ್ಲಿ 2011ರಿಂದ ಅರ್ಧಕ್ಕರ್ಧ. ಆದರೆ ಗೆದ್ದು ಬಂದವಳ ಮುಂದೆ ಫೈಲು ಇಟ್ಟಾಗ ಅದರಲ್ಲಿ ಎಲ್ಲಿ ಬೆರಳಿಡಬೇಕೆಂದು ಅವಳಿಗೆ ಹೇಳಿಕೊಡುವವರು ಯಾರು? ಮೈಸೂರಿನಲ್ಲಿ ನಜೀರ್ ಸಾಬ್ ಹೆಸರಿನ ಸಂಸ್ಥೆ ಪಂಚಾಯತಿ ಸದಸ್ಯರಿಗೆ ತರಬೇತಿ ಕೊಡುತ್ತದೆ. 1926ರಲ್ಲಿ ಶುರುವಾಗಿ ಈಗ ನಮ್ಮ ಅಂಧೇರಿಯಲ್ಲಿರುವ ಅಖಿಲ ಭಾರತ ಸ್ಥಳೀಯ ಸ್ವಯಮಾಡಳಿತ ಸಂಸ್ಥೆಯಲ್ಲಿ ಪಾಲಿಕೆ ಕೆಲಸಕ್ಕೇ ಬೇಕಾದ ಡಿಪ್ಲೊಮಾಗಳಿವೆ. ನಮ್ಮ ಮನೆಯ ಹುಡುಗಿಯರಿಗೆ ಆ ದಾರಿ ತೋರಿಸಿದವರನ್ನು ನಾನು ಹೆಚ್ಚು ಕಂಡಿಲ್ಲ.

ಆ ಟಿಪ್ಪಣಿ ಏನಾಯಿತು ಎಂದು ಕೇಳುತ್ತೀರಿ. ತರಬೇತಿ ಮುಗಿದಾಗ ಅದು ಮೂರನೇ ಮೇಜಿನ ಮೇಲಿತ್ತು. ನಾಲ್ಕು ತಿಂಗಳ ನಂತರ ಆರೋಗ್ಯ ಸೇವಿಕೆ ಫೋನು ಮಾಡಿ ಹೇಳಿದರು: ಈಗ ಬೀಗ ಬೀಳುವುದು ರಾತ್ರಿ ಹನ್ನೆರಡಕ್ಕೆ, ಬೆಳಿಗ್ಗೆ ನಾಲ್ಕೂವರೆಗೆ ಮತ್ತೆ ತೆರೆಯುತ್ತಾರೆ. ನಡುವಿನ ನಾಲ್ಕೂವರೆ ಗಂಟೆಗೆ ಇನ್ನೊಂದು ಟಿಪ್ಪಣಿ ಬೇಕು. ಅದನ್ನು ಬರೆಯಲು ಈಗ ಅಲ್ಲಿ ಯಾವ ವಿದ್ಯಾರ್ಥಿನಿಯೂ ಇಲ್ಲ.

ಅವಳು ಇವತ್ತು ಸಭೆಗೆ ಬಂದಿದ್ದಾಳೆ, ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಉಳಿದ ಪ್ರಶ್ನೆಗಳನ್ನು ಚಹಾದ ಹೊತ್ತಿಗೆ ಅವಳನ್ನೇ ಕೇಳಿ.