ಅಕ್ಷರ ಕಾದೀತು, ಮಾತು ಕಾಯದು



ಬೆಂಗಳೂರು ಆಕಾಶವಾಣಿಗೆ 612 ಕಿಲೋಹರ್ಟ್ಸ್‌ನಲ್ಲಿ ತನ್ನದೇ ಜಾಗವಿದೆ. ಅಲ್ಲಿ ಮಾತಾಡುವವರು ಒಬ್ಬರು, ಕೇಳುವವರು ಎಷ್ಟೋ ಮಂದಿ. ನೂಕುನುಗ್ಗಲಿನ ಮಾತೇ ಇಲ್ಲ. ಮನೆಯ ವೈಫೈ ಹಾಗಲ್ಲ. ಮಗಳ ಪಾಠದ ವಿಡಿಯೊ, ಬ್ಯಾಂಕಿನ ಸಂದೇಶ, ದೂರದೂರಿನಲ್ಲಿರುವ ಮಗನ ಕರೆ, ಎಲ್ಲಕ್ಕೂ ಅದೇ ಒಂದು ಚಾನೆಲ್. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಿದರೆ ಇಬ್ಬರ ಮಾತೂ ಕೆಟ್ಟಿತು.

ಈ ತೊಡಕನ್ನು ಮೊದಮೊದಲು ಬಿಡಿಸಿದವರು ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು. ದ್ವೀಪಗಳಲ್ಲಿ ಚದುರಿದ್ದ ಟರ್ಮಿನಲ್‌ಗಳನ್ನು ಕಂಪ್ಯೂಟರಿಗೆ ಜೋಡಿಸಲು ಅವರು 1971ರಲ್ಲಿ ಅಲೋಹಾ ಎಂಬ ರೇಡಿಯೊ ಜಾಲವನ್ನು ನಡೆಸಿ ತೋರಿಸಿದರು. ವೇಗ ಸೆಕೆಂಡಿಗೆ 9600 ಬಿಟ್. ಕಟ್ಟಳೆ ಬಹಳ ಸರಳ: ಕಳಿಸುವುದಿದ್ದರೆ ಕಳಿಸಿಬಿಡು, ಮುಟ್ಟಿತೆಂಬ ಉತ್ತರ ಬರಲಿಲ್ಲವೇ, ಚೀಟಿ ಎತ್ತಿದ ಹಾಗೆ ಒಂದಿಷ್ಟು ಹೊತ್ತನ್ನು ಆರಿಸಿಕೊಂಡು, ಅಷ್ಟು ಕಾದು, ಮತ್ತೆ ಕಳಿಸು. ಈ ಧಾರಾಳಕ್ಕೆ ಬೆಲೆ ತೆರಬೇಕಿತ್ತು. ಚಾನೆಲ್‌ನ ಹೆಚ್ಚೆಂದರೆ ಶೇ. 18ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ ಎಂದು ಲೆಕ್ಕ ಹೇಳಿತು. ಕಾಲವನ್ನು ಸಮನಾದ ತುಂಡುಗಳಾಗಿ ಕತ್ತರಿಸಿ, ತುಂಡಿನ ಮೊದಲಿಗೇ ಕಳಿಸಬೇಕೆಂದು ಕಟ್ಟು ಮಾಡಿದಾಗ ಅದು ಶೇ. 37ಕ್ಕೆ ಏರಿತು.

ಅಕ್ಷರಗಳಿಗೆ ಇಷ್ಟು ಸಾಕು. ಪತ್ರ ಎರಡು ಸೆಕೆಂಡು ತಡವಾದರೆ ಯಾರಿಗೂ ನಷ್ಟವಿಲ್ಲ. ಆದರೆ ಅದರ ಒಂದು ಅಂಕಿಯೂ ತಪ್ಪಬಾರದು. ಮಾತಿನದು ಇದಕ್ಕೆ ತೀರಾ ತಿರುಗುಮುರುಗು. ಅಲ್ಲೊಂದು ಇಲ್ಲೊಂದು ಚೂರು ಬಿದ್ದುಹೋದರೆ ಕಿವಿ ತಾನೇ ತುಂಬಿಕೊಳ್ಳುತ್ತದೆ. ತಡವನ್ನು ಮಾತ್ರ ಅದು ಸಹಿಸದು. ಒಂದು ಬದಿಯಿಂದ ಇನ್ನೊಂದು ಬದಿಗೆ 150 ಮಿಲಿಸೆಕೆಂಡಿನೊಳಗೆ ಮಾತು ಮುಟ್ಟಿದರೆ ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ಅದು ತುಂಬ ಮೀರಿದರೆ ಇಬ್ಬರೂ ಒಟ್ಟಿಗೆ ಶುರುಮಾಡಿ, ಒಟ್ಟಿಗೆ ನಿಲ್ಲಿಸಿ, "ಹಲೋ, ಕೇಳಿಸ್ತಿದೆಯಾ?" ಎನ್ನುತ್ತಾ ಕೂರಬೇಕಾಗುತ್ತದೆ.

ಹಾಗಾದರೆ ಮಾತಿಗೊಂದು ಸರತಿ ಗೊತ್ತುಮಾಡಿದರಾಯಿತಲ್ಲ? ಕೆರೆಯ ನೀರುಗಂಟಿ ಹೊಲಗಳಿಗೆ ಸರದಿಯಂತೆ ನೀರು ಬಿಡುವ ಹಾಗೆ? ಆಗಬಹುದು. ಆದರೆ ಫೋನಿನಲ್ಲಿ ನಾವು ಅರ್ಧಕ್ಕಿಂತ ಹೆಚ್ಚು ಹೊತ್ತು ಸುಮ್ಮನಿರುತ್ತೇವೆ, ಎದುರಿನವರ ಮಾತು ಕೇಳುತ್ತಾ. ಆ ಹೊತ್ತಿನ ಸರತಿಯೆಲ್ಲ ಬರಡು ನೆಲಕ್ಕೆ ಬಿಟ್ಟ ನೀರು. ಅಮೆರಿಕದ ಡೇವಿಡ್ ಗುಡ್‌ಮನ್ ಮತ್ತು ಜೊತೆಗಾರರು 1989ರಲ್ಲಿ ಮುಂದಿಟ್ಟ ಉಪಾಯ ನನಗೆ ಇವತ್ತಿಗೂ ಬಹಳ ಇಷ್ಟ. ಮಾತು ಶುರುವಾದಾಗ ಅಲೋಹಾದ ಹಾಗೆ ಪೈಪೋಟಿ ಮಾಡಿ ಕಾಲದ ಒಂದು ತುಂಡು ಹಿಡಿ. ಮಾತು ನಡೆಯುವಷ್ಟು ಹೊತ್ತು ಆ ತುಂಡು ನಿನ್ನದೇ. ಉಸಿರೆಳೆಯಲು ನಿಲ್ಲಿಸಿದೆಯೋ, ಬಿಟ್ಟುಕೊಡು. ಆ ಮೌನದ ಸಂದಿಯಲ್ಲಿ ಬೇರೆಯವರ ಅಕ್ಷರಗಳು ದಾಟಿಹೋಗಲಿ.

ವೈಫೈ ಹಿಡಿದದ್ದು ಬೇರೆ ದಾರಿ. ಅಲ್ಲಿ ಮೊದಲು ಕಿವಿಗೊಟ್ಟು ಕೇಳಬೇಕು, ಚಾನೆಲ್ ಖಾಲಿಯಿದ್ದರೆ ಚೀಟಿ ಎತ್ತಿ ಕಾಯಬೇಕು, ಆಮೇಲೆ ಕಳಿಸಬೇಕು. 2005ರಲ್ಲಿ ಬಂದ ಕಟ್ಟಳೆ ಮಾತಿಗೆ ಸಣ್ಣ ಚೀಟಿ ಕೊಟ್ಟಿತು. ಸಾಮಾನ್ಯ ದತ್ತಾಂಶ ಸೊನ್ನೆಯಿಂದ 15ರವರೆಗಿನ ಅಂಕಿ ಎತ್ತಿದರೆ ಮಾತು ಸೊನ್ನೆಯಿಂದ 3ರೊಳಗೆ ಎತ್ತುತ್ತದೆ, ಹಾಗಾಗಿ ಬಹುಪಾಲು ಮೊದಲು ಹೊರಡುವುದು ಅದೇ. ಇದು ಖಾತರಿಯಲ್ಲ, ಬರೀ ಮೇಲುಗೈ. ಮಾತಾಡುವವರೇ ಹೆಚ್ಚಾದರೆ ನಾಲ್ಕೇ ಅಂಕಿಗಳಲ್ಲಿ ಅವರವರೇ ಡಿಕ್ಕಿ ಹೊಡೆಯುತ್ತಾರೆ.

ಒಂದು ಕರೆಯನ್ನು ಹತ್ತಿರದಿಂದ ನೋಡಿ. ಪ್ರತಿ 20 ಮಿಲಿಸೆಕೆಂಡಿನ ಮಾತು 160 ಬೈಟ್‌ಗಳ ಪೊಟ್ಟಣವಾಗುತ್ತದೆ. ಅದಕ್ಕೆ ಇಂಟರ್ನೆಟ್ ವಿಳಾಸ ಮತ್ತಿತರ ಗುರುತುಗಳೇ 40 ಬೈಟ್. ಅದರ ಮೇಲೆ ಚೀಟಿಯ ಕಾಯುವಿಕೆ, ಪ್ರತಿ ಪೊಟ್ಟಣದ ಮುಂದೆ ಹೋಗುವ ರೇಡಿಯೊ ಮುನ್ಸೂಚನೆ, ಮುಟ್ಟಿತೆಂಬ ಉತ್ತರ. ಹಳೆಯ 11 ಮೆಗಾಬಿಟ್ ವೈಫೈಯಲ್ಲಿ ಈ ಹೊರೆಯನ್ನೆಲ್ಲ ಬಿಟ್ಟು, ಎರಡೂ ಬದಿಯ ಬರೀ ಮಾತಿನಿಂದ ಭಾಗಿಸಿದರೆ 85 ಕರೆಗಳಿಗೆ ಜಾಗವಿರಬೇಕು. ನಿಜಕ್ಕೆ ಹಿಡಿಸಿದ್ದು ಹನ್ನೆರಡರ ಆಸುಪಾಸು. ಅದಕ್ಕಿಂತ ಒಂದೆರಡು ಹೆಚ್ಚಾದರೆ ಕೆಡುವುದು ಹೊಸ ಕರೆ ಮಾತ್ರವಲ್ಲ, ಎಲ್ಲರದೂ. ಆದ್ದರಿಂದ ಒಳ್ಳೆಯ ಜಾಲಕ್ಕೆ "ಈಗ ಜಾಗವಿಲ್ಲ" ಎನ್ನುವ ಧೈರ್ಯ ಬೇಕು. ನಡೆಯುತ್ತಿರುವ ಮಾತನ್ನು ನಡುವೆ ಕತ್ತರಿಸುವುದಕ್ಕಿಂತ ಹೊಸ ಕರೆಯನ್ನು ಬಾಗಿಲಲ್ಲೇ ತಡೆಯುವುದು ಎಷ್ಟೋ ಮೇಲು.

ಮನೆಯಲ್ಲಿ ಕರೆ ತುಂಡುತುಂಡಾದರೆ ಕೂಡಲೇ ದುಬಾರಿ ಪ್ಲಾನ್ ಕೊಳ್ಳಬೇಡಿ. ಜಾಗ ಬಿಟ್ಟು ಕದಲದ ಟಿವಿ, ಮೇಜಿನ ಕಂಪ್ಯೂಟರ್‌ಗಳಿಗೆ ಮೊದಲು ರೂಟರಿನಿಂದ ಕೇಬಲ್ ಎಳೆಸಿ. ಅವು ತಂತಿಗೆ ಇಳಿದಷ್ಟೂ ಫೋನಿನ ಮಾತಿಗೆ ಗಾಳಿಯಲ್ಲಿ ಜಾಗ ಸಿಗುತ್ತದೆ.