ಬಿಗಿದ ಕಟ್ಟು

ಮಧುಗಿರಿ, ಪಾವಗಡದ ಕಡೆ ಕಡಲೆಕಾಯಿ ಕೀಳುವ ಕಾಲ ಬಂತೆಂದರೆ ಹಾವಿನ ಭಯವೂ ಜೊತೆಗೇ. ಕಚ್ಚಿದ ಕೂಡಲೇ ಟವೆಲ್ಲು ಹರಿದು ಕಾಲಿಗೆ ಬಿಗಿಯುವುದು ನಮ್ಮ ರೂಢಿ. ಒಂದು ಕಾಲಕ್ಕೆ ಪ್ರಥಮ ಚಿಕಿತ್ಸೆಯ ಪಾಠದಲ್ಲೂ ಅದೇ ಇತ್ತು. ಈಗ ಅದು ತಪ್ಪು. ರಕ್ತ ಓಡಾಡದೆ ಕಾಲೇ ಹೋಗಬಹುದು. ಹಾಗಂತ ಊರವರು ಬಿಗಿದ ಕಟ್ಟನ್ನು ದಾರಿಯಲ್ಲಿ ದಿಢೀರನೆ ಬಿಚ್ಚಲೂ ಬಾರದು. ಕಾಲು ಅಲುಗದಂತೆ ದಬ್ಬೆ ಇಟ್ಟು, ವಿಷಕ್ಕೆ ಮದ್ದಿರುವ ಆಸ್ಪತ್ರೆ ಸೇರಿಸಬೇಕು. ಇದು 108 ವಾಹನದ ತುರ್ತು ಚಿಕಿತ್ಸಾ ಸಿಬ್ಬಂದಿಗೆ ಬಾಯಿಪಾಠವಾಗಿರಬೇಕಾದ ಮಾತು.

ಬದಲಾದ ಪಾಠ ಅದೊಂದೇ ಅಲ್ಲ. ನಮ್ಮ ರಾಜ್ಯಕ್ಕೆ 108 ಬಂದದ್ದು 2008ರ ನವೆಂಬರಿನಲ್ಲಿ. ಹೃದಯ ನಿಂತವರಿಗೆ ಮೊದಲು ಉಸಿರು ಕೊಡಿ ಎಂದು ಆಗ ಕಲಿತವರಿಗೆ, 2010ರಲ್ಲಿ ಕ್ರಮವೇ ಬದಲಾಯಿತು: ಮೊದಲು ಎದೆ ಒತ್ತಿ. ಈಗ ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ.

ಪಾವಗಡದಿಂದ ತುಮಕೂರಿಗೆ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಅಷ್ಟು ದೂರ ರೋಗಿಯ ಪಾಲಿಗೆ ಆ ಸಿಬ್ಬಂದಿಯೇ ಆಸ್ಪತ್ರೆ. ಶಿರಾದ ಹೆದ್ದಾರಿಯಲ್ಲಾಗಲಿ, ಕೊರಟಗೆರೆಯ ಹಳ್ಳಿಯಲ್ಲಾಗಲಿ, ಸಮವಸ್ತ್ರ ತೊಟ್ಟ ಮಾತ್ರಕ್ಕೆ ವೃತ್ತಿಪರತೆ ಬರುವುದಿಲ್ಲ. ವರ್ಷವರ್ಷವೂ ಮರುತರಬೇತಿ ಬೇಕು. ತರಬೇತಿಯ ದಿನಗಳನ್ನು ರಜೆಯಿಂದ ಕಳೆಯದೆ, ಡ್ಯೂಟಿ ಎಂದೇ ಲೆಕ್ಕ ಹಿಡಿದು ಸಂಬಳ ಕೊಡಬೇಕು.

ನೀವೂ ಅಷ್ಟೆ, ಹಾವು ಕಚ್ಚಿದರೆ ಟವೆಲ್ಲು ಬಿಗಿಯಬೇಡಿ, 108ಕ್ಕೆ ಫೋನ್ ಮಾಡಿ.