ಉತ್ತಂಗಿ ಚನ್ನಪ್ಪನವರ ನಿಷ್ಠೆ ಯಾವ ಕಡೆಗೆ?

ನಮ್ಮ ಊರು ತಾಳಿಕೋಟೆಯ ಹೆಸರೆತ್ತಿದರೆ ಕನ್ನಡಿಗರಿಗೆ 1565ರ ಜನವರಿಯ ಕಾಳಗ ನೆನಪಾಗುತ್ತದೆ. ವಿಜಯನಗರದ ರಾಮರಾಯನ ಇಬ್ಬರು ಮುಸಲ್ಮಾನ ಸೇನಾನಿಗಳು ನಡುಕಾಳಗದಲ್ಲಿ ತಿರುಗಿಬಿದ್ದರು ಎಂಬ ಮಾತೂ ಅದರ ಬೆನ್ನಿಗೇ ಬರುತ್ತದೆ. ಎರಡು ವರ್ಷದ ಮೇಲೆ ವಿಜಯನಗರಕ್ಕೆ ಬಂದ ಇಟಲಿಯ ವರ್ತಕ ಸೀಸರ್ ಫ್ರೆಡರಿಕ್ ಬರೆದಿಟ್ಟದ್ದು ಅದು. ಎದುರು ಪಕ್ಷದ ಆದಿಲಶಾಹಿಯ ದಂಡಿನಲ್ಲಿ ಮರಾಠ ಸರದಾರರೂ ಇದ್ದರು; ಅವರು ಯಾಕೆ ತಿರುಗಿಬೀಳಲಿಲ್ಲ ಎಂದು ನಾವು ಕೇಳುವುದಿಲ್ಲ. ಬೇರೆ ಧರ್ಮದವನು ಆಪತ್ತಿನಲ್ಲಿ ಕೈಬಿಡುತ್ತಾನೆ ಎಂಬ ಸಂಶಯಕ್ಕೆ ನಮ್ಮ ಊರಿನ ಹೆಸರು ಅಂಟಿಕೊಂಡಿದೆ. ಹಾಗಾಗಿ ಚರ್ಚು ಮತ್ತು ನಾಡು ಎಂಬ ಎರಡು ನಿಷ್ಠೆಗಳ ವಿಚಾರವನ್ನು ಇಲ್ಲಿಯೇ ಎತ್ತುವುದು ಸರಿ ಅನ್ನಿಸುತ್ತದೆ.

ಕ್ರೈಸ್ತ ಪಾದ್ರಿಯೂ ವಚನಗಳ ವಿದ್ವಾಂಸರೂ ಆಗಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರ (1881–1962) ಬಗ್ಗೆ ನಮ್ಮ ಸೀಮೆಯಲ್ಲಿ ಎರಡು ಬಗೆಯ ಮಾತುಗಳಿವೆ. ಹೆಸರಿಗೆ ಪಾದ್ರಿ, ಒಳಗೆ ಶರಣ ಎಂದು ಅಭಿಮಾನಿಗಳು ಹೊಗಳುತ್ತಾರೆ. ವಚನ ಓದಿದ್ದೆಲ್ಲ ಮತಪ್ರಚಾರಕ್ಕೆ ಎಂದು ಸಂಶಯದವರು ಹೇಳುತ್ತಾರೆ. ನನ್ನ ಜಗಳ ಇಬ್ಬರ ಮೇಲೂ ಇದೆ. ಒಬ್ಬ ಮನುಷ್ಯ ಚರ್ಚಿಗೂ ನಾಡಿಗೂ ಪೂರ್ತಿ ಸೇರಿರಲಾರ, ಎಲ್ಲಿಯೋ ಒಂದು ಕಡೆ ಸುಳ್ಳಾಗಿರಲೇಬೇಕು ಎಂದು ಇಬ್ಬರೂ ಮೊದಲೇ ತೀರ್ಮಾನಿಸಿಬಿಟ್ಟಿದ್ದಾರೆ. ಉತ್ತಂಗಿಯವರ ಬರಹ ಈ ತೀರ್ಮಾನಕ್ಕೆ ಒಗ್ಗುವುದಿಲ್ಲ.

ಅವರು ಬೆಳೆದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಇತಿಹಾಸ ನಿಮಗೆ ಗೊತ್ತಿದ್ದದ್ದೇ: 1834ಕ್ಕೆ ಮಂಗಳೂರು, 1837ಕ್ಕೆ ಧಾರವಾಡ, ಆಮೇಲೆ ಹುಬ್ಬಳ್ಳಿ, ಬೆಟಗೇರಿ; ಕನ್ನಡಕ್ಕೆ ದುಡಿದ ಪಾದ್ರಿಗಳಾದ ಮೊಗ್ಲಿಂಗ್, ಕಿಟೆಲ್. ಜನ ಮರೆತದ್ದು 1914ನ್ನು. ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರಕಾರ ಇದೇ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಶತ್ರುಗಳೆಂದು ಹಿಡಿದು ಅಹಮದನಗರದ ಶಿಬಿರದಲ್ಲಿ ಕೂಡಿಹಾಕಿತು. ಮಿಶನ್ನಿನ ಹೆಂಚು, ನೇಯ್ಗೆಯ ಕಾರಖಾನೆಗಳು ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕನ್ನಡ ಕ್ರೈಸ್ತರು ಇಂಗ್ಲಿಷರ ಮಂದಿ ಎನ್ನುವವರು ಇದನ್ನು ನೆನಪಿಡಬೇಕು. ಆ ಕ್ರೈಸ್ತರಿಗೆ ಬೈಬಲ್ ಕೊಟ್ಟವರನ್ನು ಜೇಲಿಗೆ ಹಾಕಿದ್ದೇ ಇಂಗ್ಲಿಷ್ ಸರಕಾರ. ಕನ್ನಡ ಕ್ರೈಸ್ತರು ಸಾಮ್ರಾಜ್ಯದ ಕಣ್ಣಿಗೆ ಜರ್ಮನಿಯ ನೆರಳು, ಊರವರ ಕಣ್ಣಿಗೆ ಬಿಳಿಯರ ನೆರಳು! ಎರಡು ಕಡೆಯೂ ಕೇಳಿದ್ದು ಒಂದೇ: ನಿಮ್ಮ ಗುರು ಯಾರು? ಈ ಜನ ಯಾವ ನೆಲದಲ್ಲಿ ದುಡಿಯುತ್ತಾರೆ, ಯಾವ ಭಾಷೆಯಲ್ಲಿ ಅಳುತ್ತಾರೆ ಎಂದು ಯಾರೂ ಕೇಳಲಿಲ್ಲ.

ಉತ್ತಂಗಿಯವರ ಉತ್ತರ ಅವರ ಕೆಲಸದಲ್ಲಿದೆ. 1924ರಲ್ಲಿ ಸರ್ವಜ್ಞನ ವಚನಗಳನ್ನು ಕೂಡಿಸಿ, ವಿಷಯವಾರು ಪದ್ಧತಿಗಳಾಗಿ ವಿಂಗಡಿಸಿ ಕೊಟ್ಟರು. ಅದಕ್ಕೆ ಒಂದೇ ವರ್ಷ ಮೊದಲು ನಮ್ಮ ವಿಜಾಪುರದ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ ತಂದಿದ್ದರು. ಈ ಜಿಲ್ಲೆಯಲ್ಲಿ ವಚನ ಓದುವವರಿಗೆಲ್ಲ ಹಳಕಟ್ಟಿಯವರೇ ಗುರು; ವಕೀಲಿಕೆಯ ಗಳಿಕೆಯನ್ನು ಅವರು ಓಲೆಗರಿಗಳಿಗೆ ಸುರಿದದ್ದನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. ಆ ಕಾಲದಲ್ಲಿ ಲಿಂಗಾಯತ ವಕೀಲರೂ ಕ್ರೈಸ್ತ ಪಾದ್ರಿಗಳೂ ಒಂದೇ ಗಣಿಯನ್ನು ಅಗೆಯುತ್ತಿದ್ದರು. ಮುಂದೆ ಬಸವಣ್ಣನ ಕಾಲದ ಶರಣರ ಸಭೆಯೆನ್ನುವ ಅನುಭವ ಮಂಟಪ ನಿಜವಾಗಿ ಇತ್ತೇ ಎಂದು ಕೆಲವು ವಿದ್ವಾಂಸರು ಸಂಶಯ ಎತ್ತಿದಾಗ, ವಚನಗಳ ಒಳಸಾಕ್ಷ್ಯ ಹಿಡಿದು ಅದರ ಐತಿಹಾಸಿಕತೆಯನ್ನು ಸಾಧಿಸಲು ಇದೇ ಪಾದ್ರಿ ಒಂದು ಗ್ರಂಥವನ್ನೇ ಬರೆದರು. 1949ರಲ್ಲಿ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದಾಯಿತು. ನಿಜಾಮನ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮರುವರ್ಷ ಅದು. ಆ ದಿನಗಳಲ್ಲಿ ಧರ್ಮದ ಹೆಸರು ಎಷ್ಟು ಭಾರವಾಗಿತ್ತು ಎಂಬುದು ನಿಜಾಮನ ಗಡಿಯ ಮಗ್ಗುಲಲ್ಲಿದ್ದ ಈ ಊರಿಗೆ ಗೊತ್ತು. ಆಗ ಕನ್ನಡಿಗರು ತಮ್ಮ ತೇರನ್ನು ಎಳೆಯಲು ಒಬ್ಬ ಪಾದ್ರಿಯನ್ನು ಕರೆದರು.

ಇದಕ್ಕೆ ಗಟ್ಟಿಯಾದ ಆಕ್ಷೇಪ ಒಂದಿದೆ. ಬಾಸೆಲ್ ಮಿಶನ್ನಿನ ವುರ್ತ್ ಸಾಹೇಬರೂ ಬಸವಪುರಾಣ ಓದಿ 1860ರ ದಶಕದಲ್ಲಿ ಇಂಗ್ಲಿಷಿಗೆ ತಂದಿದ್ದರು. ಮಿಶನ್ನಿನ ಓದಿಗೆ ಮತಾಂತರದ ಗುರಿ ಇದ್ದೇ ಇತ್ತು. ಉತ್ತಂಗಿಯವರೂ ಅದೇ ದಾರಿಯವರಲ್ಲವೇ? ಇರಲಿ, ಆದರೆ ಅನುಭವ ಮಂಟಪ ಇತ್ತು ಎಂದು ಸಾಧಿಸಿದ್ದರಿಂದ ಯಾವ ಚರ್ಚಿಗೆ ಒಬ್ಬ ಸಭಿಕ ಹೆಚ್ಚಾದ? ಅದರಿಂದ ಬಲ ಬಂದದ್ದು ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಧರ್ಮಕ್ಕೆ. ಹಾಗೆಂದು ನಾನು ಅಭಿಮಾನಿಗಳ ಕಡೆಗೂ ವಾಲಲಾರೆ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದವರೂ ಅವರೇ. ಹಿಂದೂಗಳನ್ನು ಕ್ರಿಸ್ತನ ಕಡೆಗೆ ಕರೆಯುವುದನ್ನು ಅವರು ತಮ್ಮ ಧರ್ಮವೆಂದೇ ತಿಳಿದಿದ್ದರು. ಅದನ್ನು ಮುಚ್ಚಿಟ್ಟು ಅವರನ್ನು ಶರಣರೆಂದು ಮೆರೆಸುವುದು ಅವರ ನಂಬಿಕೆಗೆ ಮಾಡುವ ಅಪಚಾರ.

ನನಗೆ ಬಗೆಹರಿಯದೆ ಉಳಿದದ್ದು ಇಲ್ಲಿಯೇ. ಧರ್ಮಪ್ರಚಾರದ ಹಕ್ಕನ್ನು ಸಂವಿಧಾನ ತನ್ನ 25ನೆಯ ಅನುಚ್ಛೇದದಲ್ಲಿ ಕೊಟ್ಟಿದೆ. ಕಾಯಿದೆಯ ಮಟ್ಟಿಗೆ ಪ್ರಶ್ನೆ ಮುಗಿದಿರಬಹುದು. ಮನಸ್ಸಿನ ಮಟ್ಟಿಗೆ? ನೆರೆಯವನನ್ನು ತನ್ನ ದೇವರ ಕಡೆಗೆ ಕರೆಯುತ್ತಲೇ ನೆರೆಯವನ ಪರಂಪರೆಯನ್ನು ಕಾಯುವುದು ಉತ್ತಂಗಿಯವರೊಬ್ಬರಿಗೆ ಸಾಧ್ಯವಾಯಿತೇ, ಎಲ್ಲರಿಗೂ ಸಾಧ್ಯವೇ? ಆ ಕರೆಯನ್ನು ಬಿಟ್ಟುಬಿಡಿ ಎಂದು ಅವರಿಗೆ ಹೇಳಲು ನಾವು ಯಾರು? ಬಿಡದೆ ಇದ್ದವರನ್ನು ನಮ್ಮವರೆಂದು ಅಪ್ಪಿಕೊಳ್ಳುವ ಧೈರ್ಯ 1949ರ ಕಲಬುರ್ಗಿಗಿತ್ತು. ಇಂದಿನ ನಮಗಿದೆಯೇ?